ಚೆಲ್ಲಿದ ಹಳ್ಳದ ನೀರು

ಲಿಂಗಸುಗೂರು ತಾಲ್ಲೂಕಿನಲ್ಲಿ ಗಣಿಮಣ್ಣಿನ ಗುಡ್ಡೆಗಳ ಕೆಳಗೆ ಹರಿಯುವ ಒಂದು ಹಳ್ಳ. ಅದರಲ್ಲಿ ಸೀಸ, ಆರ್ಸೆನಿಕ್ ಇದೆಯೇ ಎಂದು ನೋಡಲು ನೀರು ತುಂಬಿ ಲ್ಯಾಬಿಗೆ ಕಳಿಸುವುದು ನನ್ನ ಕೆಲಸ. ಅವತ್ತು ಮೂರು ಬಾಟಲಿ ತುಂಬಿ, ದಂಡೆಯ ಮನೆಯೊಂದರ ಕಟ್ಟೆಯ ಮೇಲಿಟ್ಟು, ಹಳ್ಳದ ಫೋಟೊ ತೆಗೆಯಲು ಹೋದೆ. ವಾಪಸ್ ಬಂದರೆ ಬಾಟಲಿಗಳಲ್ಲಿದ್ದ ಕೆಂಪು ನೀರು ತಿಳಿಯಾಗಿಬಿಟ್ಟಿದೆ!

"ಯಮ್ಮಾ, ಬಾಟ್ಲಿ ಯಾರ್ ಮುಟ್ಟಿದ್ರು?"

"ನಾನ ರೀ," ಎಂದಳು ಮನೆಯಾಕೆ, ಎಮ್ಮೆಯ ಹಾಲು ಹಿಂಡುತ್ತಲೇ. "ಗೊತ್ತಾಗ್ದ ಕುಡ್ಯಾಕ ಹಳ್ಳದ ನೀರು ತುಂಬ್ಕೊಂಡೀರಿ ಅಂತ ಚೆಲ್ಲಿ, ಬಾಟ್ಲಿ ತೊಳದು ಫಿಲ್ಟರ್ ನೀರು ಹಾಕೀನಿ. ಮನಿಗೆ ಬಂದವರು ಆ ನೀರು ಕುಡದು ಹೋದ್ರ ಮಂದಿ ಏನಂದಾರು?"

ಸಿಟ್ಟು ನೆತ್ತಿಗೇರಿತು. ಆದರೆ ಬೈಯುವುದಾದರೂ ಹೇಗೆ?

"ಆ ನೀರ ಬೇಕಾಗಿತ್ತಮ್ಮಾ. ಅದ್ರಾಗ ವಿಷ ಐತೇನು ನೋಡಾಕ."

"ಅದಕ್ಯಾಕ ಲ್ಯಾಬು? ನನ್ನ ಕೇಳಿದ್ರ ಹೇಳ್ತಿದ್ದೆ. ನಾವ್ಯಾರೂ ಅದನ್ನ ಬಾಯಿಗೆ ಹಚ್ಚಂಗಿಲ್ಲ."

"ಮತ್ತ ಯಾರು ಕುಡೀತಾರ?"

"ಎಮ್ಮಿ ಅಷ್ಟ ರೀ."

ಒಳಗೆ ಹೋಗಿ, ಆಗಷ್ಟೇ ಹಿಂಡಿದ ಹಾಲಿನ ಚಹಾ ತಂದು ಕೈಗಿಟ್ಟಳು. ಒಲ್ಲೆ ಎಂದರೆ ಆ ಮನೆಗೇ ಅವಮಾನ. ಕುಡಿದೆ, ಮತ್ತೆ ಹಳ್ಳಕ್ಕಿಳಿದು ಬಾಟಲಿ ತುಂಬಿದೆ.

ಚಹಾ ಬಹಳ ಚೆನ್ನಾಗಿತ್ತು. ನನ್ನ ಫಾರಮ್ಮಿನಲ್ಲಿ ನೀರಿಗೊಂದು ಕಾಲಂ ಇದೆ, ಹಾಲಿಗಿಲ್ಲ.