ಕೋಶದಮ್ಮನ ನೇರಳೆ ತಟ್ಟೆ

ನಮ್ಮ ವೈರಸ್ ಪ್ರಯೋಗಾಲಯದಲ್ಲಿ ಜೀವಕೋಶ ಬೆಳೆಸುವ ಕೆಲಸ ನೋಡಿಕೊಳ್ಳುತ್ತಿದ್ದವರನ್ನು ಎಲ್ಲರೂ ಕೋಶದಮ್ಮ ಎಂದೇ ಕರೆಯುತ್ತಿದ್ದೆವು. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಎರಡು ದಿನಕ್ಕೊಮ್ಮೆ ಬಾಟಲಿಗಳ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು, ಕೋಶಗಳು ಒತ್ತೊತ್ತಾದರೆ ಬೇರೆ ಬಾಟಲಿಗೆ ಬಿಡಿಸಬೇಕು. ರಜೆ ಹಾಕಿದ ದಿನವೂ ಫೋನ್ ಮಾಡಿ, "ನನ್ನ ಮಕ್ಕಳಿಗೆ ಊಟ ಆಯ್ತಾ?" ಎಂದು ವಿಚಾರಿಸುವರು. ಅದನ್ನು ಕೇಳಿ ಅವರ ಸ್ವಂತ ಮಗಳು ಮುಖ ಊದಿಸಿಕೊಂಡದ್ದೂ ಉಂಟು.

ಒಂದು ಸೋಮವಾರ ಸಂಶೋಧಕಿ ಮೇಡಂ ಎರಡು ಬಾಟಲಿ ಕೋಶ ತಂದುಕೊಟ್ಟರು. ಒಂದರ ಮೇಲೆ ಕೆಂಪು ಚುಕ್ಕೆ, ಇನ್ನೊಂದರ ಮೇಲೆ ಹಸಿರು. ಅವನ್ನು ತಟ್ಟೆಗಳಿಗೆ ಹರಡಿ, ಎರಡಕ್ಕೂ ಒಂದೇ ವೈರಸ್ ಹಾಕಿ, ಮೂರು ದಿನ ಬಿಟ್ಟು ನೇರಳೆ ಬಣ್ಣ ಕೊಡಬೇಕು. ಬದುಕಿರುವ ಕೋಶ ಬಣ್ಣ ಹಿಡಿಯುತ್ತದೆ. ವೈರಸ್ ಕೊಂದ ಜಾಗ ಬೆಳ್ಳಗೆ ಉಳಿಯುತ್ತದೆ. ಗುರುವಾರ ನೋಡಿದರೆ ಕೆಂಪು ಚುಕ್ಕೆಯ ತಟ್ಟೆ ಜರಡಿಯಂತಾಗಿತ್ತು. ಹಸಿರಿನದು ಅಂಚಿನಿಂದ ಅಂಚಿಗೆ ನೇರಳೆ.

ಮೇಡಂ ಹುಬ್ಬು ಗಂಟಿಕ್ಕಿದರು. "ಇದಕ್ಕೆ ವೈರಸ್ ಹಾಕೋದು ಮರೆತ್ರಾ?"

"ಮನೇಲಿ ಅಡುಗೆಗೆ ಉಪ್ಪು ಮರೀತೀನಿ ಮೇಡಂ, ಇಲ್ಲಿ ಏನೂ ಮರೆಯಲ್ಲ."

ನಗುತ್ತಲೇ ಹೇಳಿದರು ಕೋಶದಮ್ಮ. ಆದರೆ ಕೈ ತೊಳೆಯುವಾಗ ಕಣ್ಣು ತುಂಬಿತ್ತು. ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಮರುದಿನ ತಾವೇ ಮೇಡಂ ಮೇಜಿಗೆ ಹೋಗಿ, "ಇನ್ನೊಂದ್ಸಲ ಮಾಡ್ತೀನಿ, ನೀವು ಪಕ್ಕದಲ್ಲೇ ಕೂತು ನೋಡಿ" ಎಂದರು. ಮೇಡಂ ಕುಳಿತರು, ಹನಿ ಹನಿಯನ್ನೂ ನೋಡಿದರು. ಹಸಿರು ತಟ್ಟೆ ಮತ್ತೆ ನೇರಳೆಯೇ ಆಯಿತು.

ಆಗ ಮೇಡಂ ವಿಷಯ ಬಿಡಿಸಿ ಹೇಳಿದರು. ಕೆಂಪು ಚುಕ್ಕೆಯವು ಮಾಮೂಲಿ ಕೋಶಗಳು; ಹಸಿರು ಚುಕ್ಕೆಯ ಕೋಶಗಳಿಂದ ಅವರು ಯೂಬಿಕ್ವಿಟಿನ್ ಲೈಗೇಸ್ ಎಂಬ ಬಗೆಯ ಒಂದು ಪ್ರೋಟೀನನ್ನು ತೆಗೆದುಹಾಕಿದ್ದರು. ಬೇಡವಾದ ಪ್ರೋಟೀನುಗಳಿಗೆ ಯೂಬಿಕ್ವಿಟಿನ್ ಎಂಬ ಪುಟ್ಟ ಗುರುತು ಅಂಟಿಸುವುದು ಅದರ ಕೆಲಸ. ಗುರುತು ಬಿದ್ದದ್ದನ್ನು ಕೋಶವೇ ಪುಡಿ ಮಾಡುತ್ತದೆ. ಈ ವೈರಸ್ ಒಳಹೊಕ್ಕು, ಲೈಗೇಸಿನ ಕಿವಿ ಊದಿ, ಕೋಶವನ್ನು ಕಾಯುವ ಪ್ರೋಟೀನಿಗೇ ಆ ಗುರುತು ಅಂಟಿಸುವಂತೆ ಮಾಡುತ್ತಿರಬೇಕು ಎಂಬುದು ಮೇಡಂ ಅನುಮಾನ.

"ಅಂದ್ರೆ ಮನೆಯವರ ಕೈಯಿಂದ್ಲೇ ಕಾವಲುಗಾರನನ್ನ ಆಚೆ ಹಾಕಿಸೋದು! ಎಂಥಾ ಖದೀಮ!"

"ಅಷ್ಟೇ. ಆದ್ರೆ ಲೈಗೇಸ್ ವಾಪಸ್ ಹಾಕಿ ನೋಡದೆ ಖಾತ್ರಿ ಆಗಲ್ಲ."

ವಾಪಸ್ ಹಾಕಿದರು. ಈ ಸಲ ಹಸಿರು ತಟ್ಟೆಗೂ ತೂತು ಬಿತ್ತು. ತಮ್ಮ ಕೋಶಗಳು ಸತ್ತದ್ದಕ್ಕೆ ಕೋಶದಮ್ಮ ಚಪ್ಪಾಳೆ ತಟ್ಟಿದ್ದು ಅದೊಂದೇ ಬಾರಿ. ಮೇಡಂ ಎಲ್ಲರ ಮುಂದೆಯೇ, "ಅವತ್ತು ನಾನು ಹಾಗೆ ಕೇಳಬಾರದಿತ್ತು, ತಪ್ಪಾಯ್ತು" ಎಂದರು.

ಈ ಸಂಶೋಧನೆಯ ಲೇಖನ ಅಚ್ಚಾದಾಗ ಹೆಸರುಗಳ ಸಾಲಿನಲ್ಲಿ ಕೋಶದಮ್ಮನದು ಮೂರನೆಯದು. ಅವರ ಮನೆಯಲ್ಲಿ ಅತ್ತೆ ಕನ್ನಡಕ ಏರಿಸಿಕೊಂಡು ಹಾಳೆಗಳನ್ನೆಲ್ಲ ಮಗುಚಿದರು.

"ನಿನ್ನ ಫೋಟೋನೇ ಇಲ್ವಲ್ಲೇ?"

"ನಾನು ಮಾಡಿದ ತಟ್ಟೆ ಫೋಟೋ ಇದೆ ಅತ್ತೆ, ಇಲ್ನೋಡಿ."

ಅತ್ತೆ ಆ ನೇರಳೆಯನ್ನು ಬಹಳ ಹೊತ್ತು ದಿಟ್ಟಿಸಿದರು. "ಬಣ್ಣ ಏನ್ ಚೆನ್ನಾಗಿ ಹಿಡಿದಿದೆ! ಇಂಥದ್ದೇ ಒಂದು ಶಾಲು ಸಿಗುತ್ತಾ ನೋಡೇ."

ಭಾನುವಾರ ಅತ್ತೆ ಸೊಸೆ ಇಬ್ಬರೂ ಅಂಗಡಿ ಅಂಗಡಿ ಅಲೆದರು. ಆ ಬಣ್ಣ ಸಿಗಲಿಲ್ಲ. ಅತ್ತೆ ನೀಲಿಯದನ್ನೇ ಹೊದ್ದುಕೊಂಡು, ಸೊಸೆಯ ಹೆಸರು ಅಚ್ಚಾದ ಸುದ್ದಿಯನ್ನು ಬೀದಿಗೆಲ್ಲ ಹಂಚಿ ಬಂದರು.