ಪಕ್ಕದ ಮನೆಯ ಕಾಕೂ ಜೊತೆ ನದಿಯವರೆಗೆ

ದಾಂಡೇಲಿಯ ಕಾಗದ ಕಾರ್ಖಾನೆಯ ವಸತಿ ಸಾಲಿನಲ್ಲಿ, ನಮ್ಮ ಪಕ್ಕದ ಮನೆಯಲ್ಲಿ, ಧಾರವಾಡದ ಕಡೆಯ ಹೆಂಗಸೊಬ್ಬರಿದ್ದರು; ಚಿಕ್ಕಮ್ಮನನ್ನು ಕರೆದಂತೆ ನಾನು ಅವರನ್ನು ಕಾಕೂ ಎನ್ನುತ್ತಿದ್ದೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತ, "ನಡೀ, ಮಾತಾಡ್ಕೋತ ಹೋಗೂಣು" ಎಂದು ದಿನಾ ಬೆಳಿಗ್ಗೆ ನನ್ನನ್ನು ಕರೆಯುತ್ತಿದ್ದರು. ನನಗಾಗ ಹದಿನಾಲ್ಕು ವರ್ಷ. ಶಾಲೆಯಲ್ಲಿ ಎಲ್ಲರ ಬಾಯಲ್ಲೂ ನಾನು ಡುಮ್ಮಿ. ಕಾಳಿ ನದಿಯ ದಂಡೆಯವರೆಗೆ ಕಾಕೂ ನನ್ನ ಏದುಸಿರಿಗೆ ತಕ್ಕಂತೆ ನಿಧಾನವಾಗಿ ನಡೆಯುತ್ತಿದ್ದರು. ನನ್ನ ಮೈಯ ಬಗ್ಗೆ ಮಾತ್ರ ಒಂದು ಮಾತೂ ಆಡುತ್ತಿರಲಿಲ್ಲ.

ಬೇಗ ತೆಳ್ಳಗಾಗುವ ಹಟದಲ್ಲಿ ನಾನು ಗುಟ್ಟಾಗಿ ಊಟ ಬಿಟ್ಟೆ. ಒಂದು ಬೆಳಿಗ್ಗೆ ದಾರಿಯಲ್ಲೇ ಕಣ್ಣಿಗೆ ಕತ್ತಲೆ ಕವಿದು ಕುಸಿದೆ. ಕಾಕೂ ಮೆಲ್ಲಗೆ ತಮ್ಮ ಮನೆಗೆ ಕರೆತಂದು ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದರು.

"ತಿಂದ್ರ ಮತ್ತ ಡುಮ್ಮಿ ಅಂತಾರ, ಕಾಕೂ" ಎಂದು ನಾನು ಅಳತೊಡಗಿದೆ.

"ಅನ್ನಾವ್ರು ಅನ್ಲಿ. ಹೊಟ್ಟೀ ಮ್ಯಾಲ ಸಿಟ್ಟು ಮಾಡಬ್ಯಾಡವಾ. ಎಣ್ಣ್ಯಾಗ ಕರದದ್ದು ಕಡಿಮಿ ಮಾಡು, ಪಲ್ಯಾ ಹೆಚ್ಚಿಗಿ ತಿನ್ನು. ಉಪಾಸ ಮಾತ್ರ ಬ್ಯಾಡ."

ಮರುವರ್ಷ ಓಣಿಯ ಹೆಂಗಸೊಬ್ಬರು, "ಇಷ್ಟು ನಡದ್ರೂ ಹುಡುಗಿ ದಪ್ಪನೇ ಅದಾಳಲ್ರೀ" ಎಂದು ನಕ್ಕರು.

"ನಾಳೆ ನೀವೂ ಬರ್ರಿ, ಅಕೀ ಸಂಗಾಟ ನಡದು ನೋಡ್ರಿ" ಎಂದರು ಕಾಕೂ.

ಮರುದಿನ ಆ ಹೆಂಗಸು ನಿಜವಾಗಿಯೂ ಬಂದರು. ಅರ್ಧ ದಾರಿಯಲ್ಲೇ ಸುಸ್ತಾಗಿ ಕಲ್ಲಿನ ಮೇಲೆ ಕುಳಿತರು. ನನಗೆ ನಗು ಬರಲಿಲ್ಲ. ಹತ್ತಿರ ಹೋಗಿ, ಎಬ್ಬಿಸಲು ಕೈ ಕೊಟ್ಟೆ.