ಒಬ್ಬರೇ ಕೂರುವ ಗಾಡಿ

ನಿಮ್ಮ ಅಮ್ಮ, ಅಂದರೆ ನನ್ನ ಸೊಸೆ, ಆ ನಾಲ್ಕು ಚಕ್ರದ ಗಾಡಿ ತಂದಾಗ ಕಣಕಟ್ಟೆಯ ಕಡೆ ಅಂಥದ್ದನ್ನು ಹೆಚ್ಚಿನವರು ನೋಡಿರಲಿಲ್ಲ. ಬಿಕ್ಕೋಡಿನ ಹತ್ತಿರದ ಕಾಫಿ ತೋಟದವರೊಬ್ಬರು ಹೊಸದು ಕೊಂಡು ಹಳೆಯದನ್ನು ಮಾರಿದ್ದರು. ಎಟಿವಿ ಅಂತ ಅದರ ಹೆಸರು. ಬೈಕಿನ ಹಾಗೆ ಹ್ಯಾಂಡಲ್ಲು, ದಪ್ಪ ದಪ್ಪ ಚಕ್ರ. ತೆಂಗಿನಕಾಯಿ ಕೀಳಲು ಬರುವವರು ಅದಕ್ಕೆ ಮರಿ ಟ್ರ್ಯಾಕ್ಟರ್ ಅಂತ ಹೆಸರಿಟ್ಟರು. ನಮ್ಮ ತೋಟ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಪಂಪು ಹಾಕಲು, ಹನಿ ನೀರಿನ ಪೈಪು ನೋಡಲು, ಬಿದ್ದ ಕಾಯಿ ಆಯ್ದು ತರಲು ದಿನವಿಡೀ ನಡೆಯಬೇಕಿತ್ತು. ನಿಮ್ಮ ಅಪ್ಪನಿಗೆ ಅರಸೀಕೆರೆಯ ಕೊಬ್ಬರಿ ವ್ಯಾಪಾರವೇ ಸಾಕಾಗುತ್ತದೆ. ತೋಟ ನೋಡಿಕೊಳ್ಳುವವಳು ನಿಮ್ಮ ಅಮ್ಮ.

ಅವಳು ಗಾಡಿ ಹತ್ತುವ ಮೊದಲು ಹೆಲ್ಮೆಟ್ ಹಾಕುತ್ತಿದ್ದಳು. ಅದನ್ನು ನೋಡಿ ಕಾಯಿ ಕೀಳುವವನೊಬ್ಬ, "ಯಾಕ್ ತಾಯಿ, ನಾನು ನಿಮ್ ತಲೆ ಮ್ಯಾಲೇ ಕಾಯಿ ಕೆಡವ್ತೀನಿ ಅಂತಲಾ?" ಅಂತ ನಗಿಸಿದ್ದ.

ಗಾಡಿಯ ಮೇಲೆ ಒಂದು ಚಿತ್ರ ಅಂಟಿಸಿದೆ. ಇಬ್ಬರು ಕೂತ ಹಾಗೆ, ಅದರ ಮೇಲೆ ಕೆಂಪು ಗೀಟು. ಓದು ಬಾರದವರಿಗೂ ತಿಳಿಯುತ್ತದೆ. ನಿಮ್ಮ ಅಪ್ಪ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿದಾಗ, ಇಂಥ ಗಾಡಿಗೆ ನಂಬರು ಕೊಡುವುದಿಲ್ಲ, ರಸ್ತೆಗೆ ಇಳಿಸಬೇಡಿ ಅಂದರಂತೆ. ಅಂದಿನಿಂದ ಅದು ತೋಟದ ಗೇಟು ದಾಟಿಲ್ಲ. ಡೈರಿಗೆ ಹಾಲು ಹಾಕಲು ಹೋಗುವಾಗಲೂ ನಿಮ್ಮ ಅಮ್ಮ ಅದನ್ನು ಗೇಟಿನೊಳಗೆ ನಿಲ್ಲಿಸಿ ನಡೆದೇ ಹೋಗುತ್ತಾಳೆ.

ಇಷ್ಟೆಲ್ಲ ಕಟ್ಟುನಿಟ್ಟು ಯಾಕೆ ಅಂತ ಮೊದಮೊದಲು ನನಗೂ ಅನ್ನಿಸಿತ್ತು. ನಮ್ಮೂರಲ್ಲಿ ಒಂದು ಬೈಕಿನ ಮೇಲೆ ಮೂವರು ಹೋಗುತ್ತಾರೆ, ನಡುವೆ ಒಂದು ಮೂಟೆಯೂ ಇರುತ್ತದೆ. ಈ ಗಾಡಿಯ ಸೀಟೋ ಇಬ್ಬರು ಧಾರಾಳವಾಗಿ ಕೂರುವಷ್ಟು ಉದ್ದ. ಒಂದು ದಿನ ಅವಳು ಸೀಟಿನ ಹಿಂಭಾಗಕ್ಕೆ ಬೇವಿನ ಹಿಂಡಿಯ ಮೂಟೆ ಕಟ್ಟಿಕೊಂಡು ಬದು ಹತ್ತಿಸಲು ಹೋದಳು. ಮುಂದಿನ ಎರಡೂ ಚಕ್ರ ನೆಲ ಬಿಟ್ಟವು. ಅವಳು ಪಕ್ಕಕ್ಕೆ ಹಾರಿಕೊಂಡಳು. ಗಾಡಿ ಹಿಂದಕ್ಕೆ ಮಗುಚಿತು, ಮೂಟೆ ಅದರ ಅಡಿಗೆ ಸಿಕ್ಕಿ ಒಡೆದು ಹಿಂಡಿ ಚೆಲ್ಲಿತು. ನಾನು ಅಲ್ಲೇ ಸೋಗೆ ಆರಿಸುತ್ತಿದ್ದೆ. ಮೂಟೆ ಹೆಚ್ಚುಕಡಿಮೆ ನನ್ನಷ್ಟೇ ಭಾರವಿತ್ತು. ಆಮೇಲೆ ಅವಳು ಆ ಸೀಟಿನ ಮೇಲೆ ಏನನ್ನೂ ಕಟ್ಟಲಿಲ್ಲ.

ಹೀಗಿರುವಾಗ ನಿಮ್ಮ ತಾತನ ವರ್ಷದ ಪೂಜೆ ಬಂತು. ನಮ್ಮಲ್ಲಿ ಹಿರಿಯರನ್ನು ಸ್ವಂತ ಜಮೀನಿನಲ್ಲೇ ಮಣ್ಣು ಮಾಡಿ ಮೇಲೆ ಗದ್ದುಗೆ ಕಟ್ಟುತ್ತೇವಲ್ಲ, ನಿಮ್ಮ ತಾತನ ಗದ್ದುಗೆ ಇರುವುದು ತೋಟದ ಕೊನೆಯ ದಿಣ್ಣೆಯ ಮೇಲೆ. ಕಾರು ಹೋಗುವ ದಾರಿಯಲ್ಲ. ಆ ವರ್ಷ ನನ್ನ ಮಂಡಿ ತೀರಾ ಸೋತಿತ್ತು. ಆದರೂ ಮಂಗಳಾರತಿಯ ಹೊತ್ತಿಗೆ ಅಲ್ಲಿರಬೇಕು ಅಂತ ನನಗೆ ಬಹಳ ಆಸೆ.

ನಿಮ್ಮ ಅಪ್ಪ ಪೂಜೆ ಮಾಡಿಸುವ ಅಯ್ನೋರನ್ನು ಕರೆದುಕೊಂಡು ಬೆಳಿಗ್ಗೆಯೇ ಮೇಲೆ ಹೋಗಿದ್ದ. ಕೆಳಗೆ ಮನೆಯ ಮುಂದೆ ನೆಂಟರೆಲ್ಲ ಸೇರಿದ್ದರು. ತಾತನ ಅಣ್ಣ, ಅಂದರೆ ನಿಮ್ಮ ದೊಡ್ಡ ತಾತ, ನಾನು ಕೋಲು ಹಿಡಿದಿದ್ದನ್ನು ನೋಡಿ ಗಾಡಿಯ ಕಡೆ ಕೈ ತೋರಿಸಿದರು.

"ಹತ್ತಮ್ಮ, ಸೊಸೆ ಹಿಂದೆ ಕೂತ್ಕ. ಬಿಸ್ಲು ಏರ್ತಾ ಐತೆ."

ನಿಮ್ಮ ಅಮ್ಮ ಅಂದಳು, "ಅತ್ತೇನ ಕೂರ್ಸಕ್ಕಾಗಲ್ಲ ದೊಡ್ಡಮಾವ. ಇದ್ರಲ್ಲಿ ಒಬ್ರೇ ಕೂರೋದು."

"ಅಷ್ಟುದ್ದ ಸೀಟೈತೆ. ಪೊಲೀಸ್ನೋರೇನು ನಮ್ ತೋಟದೊಳಕ್ಕೆ ಬತ್ತಾರಾ?"

"ಪೊಲೀಸ್ನೋರ ಭಯ ಅಲ್ಲ ದೊಡ್ಡಮಾವ. ಆ ದಿಣ್ಣೇಲಿ ಹಿಂದೆ ಭಾರ ಬಿದ್ರೆ ಮುಂದ್ಲ ಚಕ್ರ ಎದ್ಬಿಡ್ತವೆ."

ಆಗ ಅವರ ಹೆಂಡತಿ, ನನ್ನ ಓರಗಿತ್ತಿ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಹಿಂಡಿ ಹೊರ್ತಾಳೆ, ಗೊಬ್ಬರ ಹೊರ್ತಾಳೆ. ಅತ್ತೆ ಗೊಬ್ಬರಕ್ಕಿಂತ ಕಡೆ ಆಗೋದ್ಲಾ?"

ಒಂದಿಬ್ಬರು ನಕ್ಕರು. ನಿಮ್ಮ ಅಮ್ಮನ ಮುಖ ಕೆಂಪಾಯಿತು. ಅವಳು ಗಾಡಿಯ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹಿರಿಯರು ನಡೆಯುವಾಗ ಕಿರಿಯರು ಗಾಡಿಯಲ್ಲಿ ಹೋಗುವುದೇ ನಮ್ಮಲ್ಲಿ ತಪ್ಪು. ಅಂಥದ್ದರಲ್ಲಿ ಮಂಡಿ ಹಿಡಿದ ಅತ್ತೆಯನ್ನು ಕೂರಿಸುವುದಿಲ್ಲ ಅಂದವಳಿಗೆ ಎಂಥ ಹೆಸರು ಬರುತ್ತದೆ? ನಾನು ಸುಮ್ಮನೆ ಹೋಗಿ ಸೀಟಿನ ಮೇಲೆ ಕೂತುಬಿಟ್ಟಿದ್ದರೆ ಅಷ್ಟು ಜನರ ಮುಂದೆ ಅವಳು ನನ್ನನ್ನು ಇಳಿಸಲು ಆಗುತ್ತಿರಲಿಲ್ಲ. ನಾನು ಸುಮ್ಮನೆ ನಿಂತಿದ್ದರೆ ಕೆಟ್ಟ ಸೊಸೆ ಅನ್ನಿಸಿಕೊಳ್ಳುತ್ತಿದ್ದಳು.

ಮದುವೆಯಾಗಿ ಬಂದಂದಿನಿಂದ ನಾನು ಭಾವನವರ ಎದುರು ಬಾಯಿ ತೆರೆದವಳಲ್ಲ. ಅವರು ಬಂದರೆ ಬಾಗಿಲ ಮರೆಗೆ ಸರಿಯುತ್ತಿದ್ದೆ, ಕೇಳಿದ್ದಕ್ಕೆ ತಲೆಯಾಡಿಸುತ್ತಿದ್ದೆ. ಅವತ್ತು ಒಡೆದ ಮೂಟೆ ಕಣ್ಣಿಗೆ ಕಟ್ಟಿತು. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

"ನಾನು ಕೂರಲ್ಲ ಭಾವ. ಅದು ಒಬ್ರು ಕೂರೋ ಗಾಡಿ. ಅದನ್ನ ಬಲ್ಲೋಳು ಅವ್ಳು, ಅವ್ಳು ಬ್ಯಾಡ ಅಂದ್ಮ್ಯಾಲೆ ಬ್ಯಾಡ."

ಭಾವನವರು, "ಹಂಗಾದ್ರೆ ನಡ್ಕಂಡ್ ಬಾ. ಅಯ್ನೋರು ಕಾಯಕ್ಕಿಲ್ಲ" ಅಂತ ಹೇಳಿ ಹೊರಟರು. ನೆಂಟರೂ ಅವರ ಹಿಂದೆ ನಡೆದರು.

ನಿಮ್ಮ ಅಮ್ಮ ಹೂವು, ಎಡೆಯ ಬುಟ್ಟಿಗಳನ್ನು ಗಾಡಿಯ ಮುಂದಿನ ಕ್ಯಾರಿಯರಿಗೆ ಕಟ್ಟಿ ದಿಣ್ಣೆ ಹತ್ತಿಸಿದಳು. ಕಡಿದಾದ ಜಾಗದಲ್ಲಿ ಅವಳು ಸೀಟಿನಿಂದ ಎದ್ದು ಮೈಯನ್ನೆಲ್ಲ ಮುಂದಕ್ಕೆ ಬಾಗಿಸಿದಳು, ತಿರುವಿನಲ್ಲಿ ಪಕ್ಕಕ್ಕೆ ಸರಿದಳು. ಸೀಟು ಅಷ್ಟು ಉದ್ದ ಇರುವುದು ಓಡಿಸುವವರು ಹೀಗೆ ಹಿಂದೆ ಮುಂದೆ ಸರಿದಾಡಲಿ ಅಂತ. ನಾನು ಹಿಂದೆ ಕೂತು ಸೊಂಟ ಹಿಡಿದುಕೊಂಡಿದ್ದರೆ ಅವಳು ಅಲ್ಲಾಡಲು ಆಗುತ್ತಿತ್ತೇ?

ಗಾಡಿಯನ್ನು ಮೇಲೆ ನಿಲ್ಲಿಸಿ ಅವಳು ಓಡೋಡಿ ಇಳಿದು ಬಂದು ನನ್ನ ತೋಳು ಹಿಡಿದಳು. ಇಬ್ಬರೂ ಹತ್ತಿದೆವು. ಕೂತು, ಎದ್ದು, ಮತ್ತೆ ಕೂತು. ಅರ್ಧ ದಾರಿಯಲ್ಲಿರುವಾಗಲೇ ಮೇಲಿಂದ ಗಂಟೆಯ ಸದ್ದು ಬಂತು. ಮಂಗಳಾರತಿ ತಪ್ಪಿಹೋಯಿತು. ನನಗೆ ಕಣ್ಣೀರು ಬಂದಿದ್ದು ನಿಜ.

"ನನ್ನಿಂದ ತಪ್ಪೋಯ್ತು ಅತ್ತೆ" ಅಂದಳು.

"ಸುಮ್ನಿರೇ. ನಿಮ್ ಮಾವ ಎಲ್ಗೂ ಹೋಗಕ್ಕಿಲ್ಲ, ಅಲ್ಲೇ ಇರ್ತಾರೆ" ಅಂದೆ. ಅವಳು ಅಳುತ್ತಲೇ ನಕ್ಕಳು.

ಮೇಲೆ ಹೋದಾಗ ಅಯ್ನೋರು ಜೋಳಿಗೆ ಹೆಗಲಿಗೆ ಹಾಕಿಕೊಂಡಿದ್ದರು. ನಿಮ್ಮ ಅಪ್ಪ ನನಗೋಸ್ಕರ ಇನ್ನೊಂದು ಕರ್ಪೂರ ಹಚ್ಚಿದ. ಕೈಮುಗಿದು, ಗದ್ದುಗೆಯ ಮೇಲಿನ ವಿಭೂತಿ ಹಣೆಗೆ ಹಚ್ಚಿಕೊಂಡು ತಿರುಗುವಷ್ಟರಲ್ಲಿ ಅಯ್ನೋರು ಗಾಡಿಯ ಪಕ್ಕ ನಿಂತಿದ್ದರು.

"ತಾಯಿ, ಗೇಟ್ ಗಂಟ ಬಿಟ್ಬಿಡವ್ವ. ಅರಸೀಕೆರೆ ಬಸ್ಸು ತಪ್ಪೋಯ್ತದೆ."

ಅಯ್ನೋರಿಗೆ ಇಲ್ಲ ಅನ್ನುವವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ನಿಮ್ಮ ಅಮ್ಮ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಭಾವನವರು ಮುಂದೆ ಬಂದರು.

"ಅದ್ರಲ್ಲಿ ಒಬ್ರೇ ಬುದ್ಧಿ. ಹಿಂದೆ ಭಾರ ಬಿದ್ರೆ ಮುಂದ್ಲ ಚಕ್ರ ಎದ್ಬಿಡ್ತವೆ. ನಡೀರಿ, ನಾನೂ ಗೇಟ್ ಗಂಟ ಬತ್ತೀನಿ."

ಅವಳ ಮಾತನ್ನೇ ಹೇಳಿದ್ದರು, ಅವಳ ಕಡೆ ನೋಡದೆ. ಇಬ್ಬರೂ ಇಳಿಜಾರಿನಲ್ಲಿ ಕಾಲು ಊರಿಕೊಂಡು ನಿಧಾನವಾಗಿ ಹೊರಟರು.

ಖಾಲಿ ಬುಟ್ಟಿಗಳನ್ನು ಕಟ್ಟಿ ಮುಗಿಸಿದರೂ ನಿಮ್ಮ ಅಮ್ಮ ಗಾಡಿ ಹತ್ತದೆ ನಿಂತಿದ್ದಳು. "ನೀವೆಲ್ಲ ನಡೀತಿರುವಾಗ ನಾನ್ ಹೆಂಗೆ ಹೋಗ್ಲಿ ಅತ್ತೆ?" ಅಂತ ಮೆಲ್ಲಗೆ ಕೇಳಿದಳು.

"ಹೋಗೇ. ಊಟಕ್ಕೆ ಎಲೆ ಹಾಕ್ಸು. ನನ್ ಮಗ ಕರ್ಕೊಂಡ್ ಬತ್ತಾನೆ" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಂಡು, ಈ ಸಲ ಮೈಯನ್ನು ಹಿಂದಕ್ಕೆ ಸರಿಸಿ ಕೂತು, ದಿಣ್ಣೆ ಇಳಿದಳು. ಇಳಿಯುತ್ತಿದ್ದ ನೆಂಟರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಓರಗಿತ್ತಿ ನನ್ನ ಹತ್ತಿರ ಬಂದು, "ಹಿರೇರ್ನೆಲ್ಲ ದಾಟ್ಕಂಡು ಹೆಂಗ್ ಹೋಗ್ತಾ ಅವ್ಳೆ ನೋಡು" ಅಂದರು.

"ನಾನೇ ಹೋಗು ಅಂದಿದ್ದು ಅಕ್ಕ" ಅಂದೆ. ಅವಳು ತೆಂಗಿನ ಸಾಲಿನೊಳಗೆ ತಿರುಗುವವರೆಗೂ ಅಲ್ಲೇ ನಿಂತು ನೋಡಿದೆ.